ಹಳೆಯ ಗಣಕಯಂತ್ರಗಳ ಪಾತ್ರಧಾರಣೆಯ ಆಟಗಳು: ಅವುಗಳ ಪಾಠ, ಪ್ರತಿ, ಸಂಗ್ರಹ

೧

ಪ್ರಾಚೀನ ಗ್ರಂಥವೊಂದನ್ನು ಪರಿಷ್ಕರಿಸಲು ತೊಡಗಿದವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಗ್ರಂಥವು ಎಲ್ಲಿದೆ ಎಂಬುದು. ಓಲೆಯ ಪ್ರತಿಗಳು ಹಲವಿದ್ದು ಅವು ಒಂದಕ್ಕೊಂದು ಭಿನ್ನವಾಗಿರುವಲ್ಲಿ ಕವಿಯ ಪಾಠವು ಯಾವುದೆಂದು ನಿರ್ಣಯಿಸುವುದು ಎಷ್ಟು ಶ್ರಮದ ಕೆಲಸವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಪ್ರಶ್ನೆಯು ಓಲೆಗರಿಯ ಕಾಲಕ್ಕೇ ಮುಗಿದುಹೋಯಿತೆಂದು ತಿಳಿಯಲಾಗದು. ನಮಗೆ ಅತ್ಯಂತ ಸಮೀಪವಾದ ಕಾಲದ ಒಂದು ಬಗೆಯ ಕೃತಿಗಳಲ್ಲಿ ಅದು ಮತ್ತೆ, ಇನ್ನೂ ತೊಡಕಾಗಿ, ತಲೆದೋರಿದೆ. ೧೯೭೫ ಮೊದಲುಗೊಂಡು ೧೯೯೦ರ ವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗಣಕಯಂತ್ರಗಳಿಗೆಂದು ರಚಿತವಾದ ಪಾತ್ರಧಾರಣೆಯ ಆಟಗಳೇ ಆ ಕೃತಿಗಳು.

ಈ ಆಟಗಳನ್ನು ಕೂಡಿಡುವವರೂ, ಹಳೆಯ ಯಂತ್ರಗಳನ್ನೇ ದುರಸ್ತು ಮಾಡಿಕೊಂಡು ಅವುಗಳ ಮೇಲೆ ಇವನ್ನು ಆಡುವವರೂ ಇಂದು ಹಲವು ದೇಶಗಳಲ್ಲಿದ್ದಾರೆ. ಇದು ಬರಿಯ ಹವ್ಯಾಸವೆಂದು ವಿದ್ವಾಂಸರು ಉಪೇಕ್ಷಿಸುವುದುಂಟು. ಆದರೆ ಈ ಆಟಗಳ ಪಾಠವು ಡಿಸ್ಕಿನಲ್ಲಿ ಒಂದು ಭಾಗ, ಅಚ್ಚಿನ ಪುಸ್ತಕದಲ್ಲಿ ಒಂದು ಭಾಗ, ಆಡುವವನ ಕೈಬರಹದಲ್ಲಿ ಒಂದು ಭಾಗ ಎಂದು ಹಂಚಿಹೋಗಿದೆಯೆಂಬುದನ್ನೂ, ಇವುಗಳಲ್ಲಿ ಯಾವುದೊಂದನ್ನು ಕೈಬಿಟ್ಟರೂ ಕೃತಿಯು ಊನವಾಗುವುದೆಂಬುದನ್ನೂ, ಆದಕಾರಣ ಕೂಡಿಡುವವನ ಕೆಲಸವೂ ಆಡುವವನ ಕೆಲಸವೂ ಒಂದನ್ನೊಂದು ಬಿಟ್ಟು ನಿಲ್ಲಲಾರವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಈ ಆಟಗಳ ಸ್ವರೂಪವನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ನಿಯಮಗಳನ್ನು ಮೂರು ಚಿಕ್ಕ ಪುಸ್ತಕಗಳಾಗಿ ಪ್ರಕಟಿಸಿದರು. ಇದು ಮೇಜಿನ ಸುತ್ತ ಕುಳಿತು ಆಡುವ ಆಟ. ಆಡುವವರಲ್ಲಿ ಒಬ್ಬೊಬ್ಬನೂ ಯೋಧ, ಮಾಂತ್ರಿಕ ಮುಂತಾದ ಒಂದೊಂದು ಪಾತ್ರವನ್ನು ಧರಿಸುವನು. ಪಾತ್ರದ ಬಲ, ಬುದ್ಧಿ ಮೊದಲಾದ ಗುಣಗಳನ್ನು ದಾಳಗಳನ್ನು ಉರುಳಿಸಿ ಅಂಕಿಗಳಿಂದ ಗೊತ್ತುಮಾಡುವರು. ಒಬ್ಬನು ಸೂತ್ರಧಾರನ ಸ್ಥಾನದಲ್ಲಿದ್ದು ನೆಲಮಾಳಿಗೆಗಳನ್ನೂ ರಾಕ್ಷಸರನ್ನೂ ನಿಧಿಗಳನ್ನೂ ಬಾಯಿಂದ ವರ್ಣಿಸುವನು. ಉಳಿದವರು ತಮ್ಮ ಪಾತ್ರವು ಏನು ಮಾಡುವುದೆಂದು ಹೇಳುವರು. ಹೀಗೆ ಕಥೆಯು ಎಲ್ಲರ ಮಾತಿನಿಂದಲೂ ಬೆಳೆಯುವುದು. ಈ ಸೂತ್ರಧಾರನ ಸ್ಥಾನದಲ್ಲಿ ಯಂತ್ರವನ್ನು ಕೂರಿಸಿದರೆ ಹೇಗೆಂಬ ಯೋಚನೆಯು ವಿದ್ಯಾರ್ಥಿಗಳಿಗೆ ಬರಲು ಬಹುಕಾಲ ಹಿಡಿಯಲಿಲ್ಲ.

ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ಲೇಟೋ ಎಂಬ, ಬೋಧನೆಗಾಗಿ ಏರ್ಪಟ್ಟಿದ್ದ ಗಣಕಯಂತ್ರವ್ಯವಸ್ಥೆಯೊಂದಿತ್ತು. ೧೯೭೫ರಲ್ಲಿ ರಸ್ಟಿ ರುದರ್‌ಫರ್ಡ್ ಎಂಬವರು ಅದರ ಮೇಲೆ ಇಂತಹ ಆಟವೊಂದನ್ನು ಬರೆದರು. ಇಂದು ಉಳಿದುಬಂದಿರುವವುಗಳಲ್ಲಿ ಅತ್ಯಂತ ಹಳೆಯ ಆಟಗಳ ಸಾಲಿಗೆ ಸೇರಿದ ಇದನ್ನು ಎಲ್ಲರೂ ಪೆಡಿಟ್-೫ ಎಂದು ಕರೆಯುತ್ತಾರೆ. ಇದು ಕರ್ತೃವು ಆಟಕ್ಕೆ ಕೊಟ್ಟ ಹೆಸರಲ್ಲ. ಜನಸಂಖ್ಯೆ ಮತ್ತು ಶಕ್ತಿಸಂಪತ್ತುಗಳ ಅಧ್ಯಯನವರ್ಗಕ್ಕೆ ಮೀಸಲಾಗಿದ್ದ ಪಾಠಸ್ಥಳಗಳಲ್ಲಿ ಐದನೆಯದರ ಹೆಸರು ಅದು. ಆ ಸ್ಥಳವು ಬರಿದಾಗಿದ್ದುದರಿಂದ ಆಟವು ಅಲ್ಲಿ ಅಡಗಿ ಕುಳಿತಿತು. ವ್ಯವಸ್ಥಾಪಕರು ಅದನ್ನು ಕಂಡಾಗಲೆಲ್ಲ ಅಳಿಸಿದರು. ಆಡುವವರು ಮತ್ತೆ ತಂದಿರಿಸಿದರು. ಅದೇ ವರ್ಷ ಗ್ಯಾರಿ ವಿಸೆನ್‌ಹಂಟ್, ರೇ ವುಡ್ ಎಂಬಿಬ್ಬರು ಅದೇ ವ್ಯವಸ್ಥೆಯ ಮೇಲೆ ಡಿ.ಎನ್.ಡಿ. ಎಂಬ ಮತ್ತೊಂದು ಆಟವನ್ನು ರಚಿಸಿದರು. ಗ್ರಂಥವು ಅಳಿಯದೆ ಉಳಿದುದು ಒಡೆಯರ ರಕ್ಷಣೆಯಿಂದಲ್ಲ, ಓದುವವರ ಹಟದಿಂದ ಎಂಬುದು ಈ ಚರಿತ್ರೆಯ ಮೊದಲನೆಯ ಪುಟದಲ್ಲಿಯೇ ಬರೆದಂತಿದೆ.

ಎರಡನೆಯ ನಿದರ್ಶನವು ಇದಕ್ಕಿಂತಲೂ ಗಮನಾರ್ಹವಾದುದು. ಟೆಕ್ಸಸ್ ಪ್ರಾಂತದ ರಿಚರ್ಡ್ ಗ್ಯಾರಿಯಟ್ ಎಂಬವರು ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದಾಗ, ತೆರೆಯೇ ಇಲ್ಲದೆ ಉತ್ತರವನ್ನು ಕಾಗದದ ಮೇಲೆ ಹೊಡೆಯುವ ಟೆಲಿಟೈಪ್ ಯಂತ್ರದಲ್ಲಿ ಇಂತಹ ಆಟಗಳನ್ನು ಒಂದಾದಮೇಲೊಂದಾಗಿ ಬರೆದು ಅವುಗಳಿಗೆ ಸಂಖ್ಯೆಯ ಹೆಸರನ್ನಿಟ್ಟರು. ಅವುಗಳಲ್ಲಿ ೨೮ನೆಯದರಿಂದ ಹುಟ್ಟಿದುದೇ ಆಪಲ್-೨ ಯಂತ್ರಕ್ಕಾಗಿ ರಚಿತವಾದ ಅಕಲಾಬೆತ್. ಇದು ಮೊದಲು ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಮಾರಾಟಕ್ಕೆ ಬಂದು, ಅನಂತರ ೧೯೮೦ರಲ್ಲಿ ಕ್ಯಾಲಿಫೋರ್ನಿಯಾ ಪೆಸಿಫಿಕ್ ಎಂಬ ಸಂಸ್ಥೆಯಿಂದ ಪ್ರಕಟವಾಯಿತು. ಆದರೆ ಆ ಮಾಲೆಯ ಮೊದಲನೆಯ ಆಟವು ಉಳಿದುದು ಕಾಗದದ ಸುರುಳಿಯ ಮೇಲಿನ ಅಚ್ಚಾಗಿ ಮಾತ್ರ. ೨೦೧೪ರಲ್ಲಿ ಗ್ಯಾರಿಯಟ್ಟರು ಆ ಕಾಗದಗಳ ಚಿತ್ರವನ್ನು ಹೊರಗೆಡಹಿ, ಅದನ್ನು ಹೊಸ ಯಂತ್ರಗಳಲ್ಲಿ ನಡೆಯುವಂತೆ ಉದ್ಧರಿಸುವವರಿಗೆ ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ಹಾಳೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಿ, ಸ್ಫುಟವಲ್ಲದ ಅಕ್ಷರಗಳನ್ನು ಊಹಿಸಿ ಗ್ರಂಥವನ್ನು ಸಿದ್ಧಪಡಿಸುವ ಈ ಕಾರ್ಯವು ಪ್ರಾಚ್ಯಗ್ರಂಥಾಲಯಗಳಲ್ಲಿ ನಡೆಯುವ ಕಾರ್ಯಕ್ಕಿಂತ ಭಿನ್ನವಾದುದೆಂದು ಹೇಳಲಾಗದು.

೩

ಇನ್ನು ಮನೆಯ ಗಣಕಯಂತ್ರಗಳ ವಿಚಾರ. ಆಪಲ್-೨, ಟಿ.ಆರ್.ಎಸ್.-೮೦, ಕಮೊಡೋರ್ ಪೆಟ್ ಎಂಬ ಮೂರೂ ೧೯೭೭ರಲ್ಲಿ ಹೊರಬಂದವು. ಕಮೊಡೋರ್-೬೪ ಎಂಬುದು ೧೯೮೨ರಲ್ಲಿ. ಇವುಗಳ ಧಾರಣಶಕ್ತಿಯು ಇಂದಿನವರಿಗೆ ನಂಬಲಾಗದಷ್ಟು ಅಲ್ಪವಾದುದು. ೧೯೮೦ರಿಂದ ಬಳಕೆಗೆ ಬಂದ ಕ್ರಮದಂತೆ ಆಪಲ್-೨ರ ಫ್ಲಾಪಿ ಡಿಸ್ಕಿನ ಒಂದು ಮಗ್ಗುಲಲ್ಲಿ ೩೫ ಪಥಗಳು, ಪಥವೊಂದಕ್ಕೆ ೧೬ ಖಂಡಗಳು, ಖಂಡವೊಂದಕ್ಕೆ ೨೫೬ ಅಕ್ಷರಸ್ಥಾನಗಳು, ಒಟ್ಟು ೧,೪೩,೩೬೦ ಅಕ್ಷರಸ್ಥಾನಗಳು ಇದ್ದವು. ಚಿತ್ರ, ನಿಯಮ, ನಕ್ಷೆ, ಕಥೆ ಎಲ್ಲವೂ ಇಷ್ಟರಲ್ಲಿಯೇ ಅಡಗಬೇಕಾಗಿತ್ತು. ಈ ಇಕ್ಕಟ್ಟಿನಿಂದ ಹುಟ್ಟಿದ ಉಪಾಯವೇ ಪಾಠವನ್ನು ಡಿಸ್ಕಿನಿಂದ ಹೊರಕ್ಕೆ ತೆಗೆದು ಪುಸ್ತಕದಲ್ಲಿ ಇಡುವುದು.

೧೯೭೯ರ ಟೆಂಪಲ್ ಆಫ್ ಆಪ್ಶೈ ಎಂಬ ಆಟದಲ್ಲಿ ಆಡುವವನು ಕೋಣೆಯೊಂದನ್ನು ಹೊಕ್ಕಾಗ ತೆರೆಯ ಮೇಲೆ ಕೆಲವು ಗೆರೆಗಳೂ ಕೋಣೆಯ ಸಂಖ್ಯೆಯೂ ಮಾತ್ರ ಕಾಣುವುವು. ಆ ಸಂಖ್ಯೆಯನ್ನು ಹಿಡಿದು ಪುಸ್ತಕವನ್ನು ತೆರೆದರೆ ಕೋಣೆಯ ಗೋಡೆ, ವಾಸನೆ, ಸದ್ದು ಇವುಗಳ ವರ್ಣನೆಯು ದೊರೆಯುವುದು. ಪುಸ್ತಕವಿಲ್ಲದವನಿಗೆ ಆ ದೇಗುಲವು ಬರಿಯ ಗೆರೆಗಳ ಚೌಕವೇ ಸರಿ. ೧೯೮೮ರ ಪೂಲ್ ಆಫ್ ರೇಡಿಯನ್ಸ್ ಎಂಬ ಆಟವು ಈ ಪದ್ಧತಿಯನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿತು. ಅದರೊಡನೆ ಬಂದ ದಿನಚರಿಯ ಪುಸ್ತಕದಲ್ಲಿ ನಗರಸಭೆಯ ಘೋಷಣೆಗಳು, ದೊರೆತ ಪತ್ರಗಳು, ಹೆಂಡದಂಗಡಿಯ ಮಾತುಗಳು ಸಂಖ್ಯಾಕ್ರಮದಲ್ಲಿ ಅಚ್ಚಾಗಿವೆ. ಹೆಂಡದಂಗಡಿಯ ಮಾತುಗಳಲ್ಲಿ ಕೆಲವು ಸುಳ್ಳು. ಅದೇ ವರ್ಷದ ವೇಸ್ಟ್‌ಲ್ಯಾಂಡ್ ಎಂಬ ಆಟದ ಪುಸ್ತಕದಲ್ಲಿ, ಯಂತ್ರವು ಹೇಳುವ ಮೊದಲೇ ಮುಂದಿನ ಕಥೆಯನ್ನು ಕದ್ದೋದುವವರನ್ನು ದಾರಿ ತಪ್ಪಿಸಲೆಂದೇ, ಆಟದಲ್ಲಿ ಎಲ್ಲಿಯೂ ಬಾರದ ಮಂಗಳಗ್ರಹದವರ ಕಥೆಯೊಂದನ್ನು ಸೇರಿಸಿದ್ದಾರೆ. ಇದನ್ನು ಪ್ರಕ್ಷಿಪ್ತವೆನ್ನಬೇಕೋ, ಮೂಲವೆನ್ನಬೇಕೋ? ಕರ್ತೃಗಳೇ ಉದ್ದೇಶಪೂರ್ವಕವಾಗಿ ಹಾಕಿದ ಪ್ರಕ್ಷೇಪವಾದುದರಿಂದ ಮೂಲವೆಂದೇ ಎಣಿಸಬೇಕು. ಆದರೆ ಪುಸ್ತಕವನ್ನು ಮಾತ್ರ ಓದಿದವನಿಗೆ ಅದು ಪ್ರಕ್ಷೇಪವೆಂದು ತಿಳಿಯುವ ಮಾರ್ಗವಿಲ್ಲ. ಆಡಿದವನಿಗೆ ಮಾತ್ರ ತಿಳಿದೀತು.

ಇದಲ್ಲದೆ ಪೆಟ್ಟಿಗೆಯೊಳಗಿನ ಇತರ ವಸ್ತುಗಳೂ ಪಾಠದ ಅಂಗಗಳೇ. ೧೯೮೨ರ ಎರಡನೆಯ ಅಲ್ಟಿಮಾ ಮೊದಲುಗೊಂಡು ಆ ಮಾಲೆಯ ಆಟಗಳೊಡನೆ ಬಟ್ಟೆಯ ಮೇಲೆ ಅಚ್ಚುಮಾಡಿದ ನಕ್ಷೆಯು ಬರುತ್ತಿದ್ದಿತು. ಪೂಲ್ ಆಫ್ ರೇಡಿಯನ್ಸ್ ಆಟದೊಡನೆ, ಒಂದರ ಮೇಲೊಂದು ತಿರುಗುವ ರಟ್ಟಿನ ಚಕ್ರಗಳು ಬಂದವು. ಕಲ್ಪಿತ ಲಿಪಿಯ ಅಕ್ಷರಗಳನ್ನು ಅವುಗಳಿಂದ ಹೊಂದಿಸಿ ಓದಬೇಕು. ೧೯೮೧ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ಎಂಬವರು ರಚಿಸಿದ ವಿಜರ್ಡ್ರಿ ಎಂಬ ಆಟದಲ್ಲಿ ಮಂತ್ರವನ್ನು ಪ್ರಯೋಗಿಸಬೇಕಾದರೆ ಅದರ ಹೆಸರನ್ನು ಕೀಲಿಮಣೆಯಲ್ಲಿ ತಪ್ಪಿಲ್ಲದೆ ಒತ್ತಬೇಕು. ಆ ಹೆಸರುಗಳಿರುವುದು ಪುಸ್ತಕದಲ್ಲಿ. ಕೊಂಡುಕೊಳ್ಳದೆ ಪ್ರತಿಮಾಡಿಕೊಂಡವರನ್ನು ತಡೆಯುವುದು ಇಂತಹ ಏರ್ಪಾಡುಗಳ ಒಂದು ಪ್ರಯೋಜನವಾಗಿದ್ದರೂ, ಮಂತ್ರವನ್ನು ಕಂಠಪಾಠ ಮಾಡಿ ಅಕ್ಷರಶಃ ಉಚ್ಚರಿಸಬೇಕೆಂಬ ನಿಯಮದಿಂದ ಆಟದ ಅರ್ಥವೂ ಗಾಢವಾಗುವುದೆಂಬುದರಲ್ಲಿ ಸಂದೇಹವಿಲ್ಲ.

೪

ಪಾಠದ ಮೂರನೆಯ ಭಾಗವು ಆಡುವವನ ಕೈಯಲ್ಲಿದೆ. ವಿಜರ್ಡ್ರಿಯ ನೆಲಮಾಳಿಗೆಯು ಹತ್ತು ಅಂತಸ್ತುಗಳದು. ಅಂತಸ್ತೊಂದಕ್ಕೆ ಉದ್ದ ೨೦, ಅಗಲ ೨೦ ಮನೆಗಳು. ತೆರೆಯ ಮೇಲೆ ಕಾಣುವುದು ಎದುರಿಗಿರುವ ಗೋಡೆ ಮಾತ್ರ. ಯಂತ್ರವು ನಕ್ಷೆಯನ್ನು ಕೊಡುವುದಿಲ್ಲವಾದುದರಿಂದ ಆಡುವವನು ಚೌಕಳಿಯ ಕಾಗದದ ಮೇಲೆ ಪೆನ್ಸಿಲಿನಿಂದ ತಾನೇ ಬರೆದುಕೊಳ್ಳಬೇಕು. ತಿಳಿಯದಂತೆ ದಿಕ್ಕನ್ನು ತಿರುಗಿಸುವ ನೆಲ, ಬೇರೆಡೆಗೆ ಸಾಗಿಸಿಬಿಡುವ ಸ್ಥಳ, ಬೆಳಕೇ ಹತ್ತದ ಕತ್ತಲೆಯ ಪ್ರದೇಶ ಇವೆಲ್ಲ ಆ ಪೆನ್ಸಿಲನ್ನು ಮೋಸಗೊಳಿಸುವುದಕ್ಕೆಂದೇ ಕಲ್ಪಿತವಾದವು. ಆದಕಾರಣ ಅಳಿಸಿ ತಿದ್ದಿದ ಗುರುತುಗಳುಳ್ಳ ಹಳೆಯ ನಕ್ಷೆಯ ಹಾಳೆಯು ಆ ಕೃತಿಯನ್ನು ಒಬ್ಬನು ಹೇಗೆ ಓದಿದನೆಂಬುದಕ್ಕೆ ಸಾಕ್ಷಿಯಾಗಿದೆ. ಹಳೆಯ ಪೆಟ್ಟಿಗೆಗಳಲ್ಲಿ ಇಂತಹ ಹಾಳೆಗಳು ದೊರೆಯುವುದುಂಟು. ಪೆಟ್ಟಿಗೆಯ ಅಂದವನ್ನು ಮಾತ್ರ ನೋಡುವ ಸಂಗ್ರಾಹಕರು ಇವನ್ನು ಕಸವೆಂದು ಎಸೆಯುವರು. ಅದು ದೊಡ್ಡ ನಷ್ಟ. ಓಲೆಯ ಅಂಚಿನಲ್ಲಿ ಓದುಗನು ಬರೆದ ಟಿಪ್ಪಣಿಯನ್ನು ಯಾವ ಪಂಡಿತನೂ ಕೆರೆದುಹಾಕಲಾರನು.

ಸಂಗ್ರಾಹಕನ ಇನ್ನೊಂದು ಇಕ್ಕಟ್ಟೂ ಇಲ್ಲಿಯೇ ಇದೆ. ವಿಜರ್ಡ್ರಿಯು ಪಾತ್ರಗಳ ಸ್ಥಿತಿಗತಿಗಳನ್ನು ಆಡುವ ಡಿಸ್ಕಿನ ಮೇಲೆಯೇ ಬರೆಯುವುದು. ಪಾತ್ರವೊಂದು ಸತ್ತರೆ ಆ ಸಾವನ್ನೂ ಬರೆಯುವುದು. ಹೀಗೆ ಡಿಸ್ಕು ಆಟದಿಂದ ಆಟಕ್ಕೆ ಬದಲಾಗುತ್ತ ಹೋಗುವುದು. ನಲವತ್ತು ವರ್ಷದ ಹಿಂದಿನ ಒಡೆಯನು ಹೆಸರಿಟ್ಟು ಬೆಳೆಸಿದ ಆರು ಜನ ಸಾಹಸಿಗಳು, ನೆಲಮಾಳಿಗೆಯಲ್ಲಿ ಬಿದ್ದ ಅವರ ಹೆಣಗಳು, ಇವೆಲ್ಲ ಅಂತಹ ಡಿಸ್ಕಿನಲ್ಲಿ ಇದ್ದಾವು. ಹೊಸಬನು ಅದನ್ನು ಆಡಿದರೆ ಹಿಂದಿನವನ ಬರಹವು ಅಳಿಯುವುದು. ಆಡದಿದ್ದರೆ ಕೃತಿಯನ್ನು ಓದಿದಂತಾಗುವುದಿಲ್ಲ. ಮೊಹರನ್ನೇ ಒಡೆಯದ ಪೆಟ್ಟಿಗೆಗೆ ಹೆಚ್ಚಿನ ಬೆಲೆಯುಂಟು. ಆದರೆ ಅದರೊಳಗಿನ ಡಿಸ್ಕು ಇನ್ನೂ ಓದಬರುವ ಸ್ಥಿತಿಯಲ್ಲಿದೆಯೇ ಎಂಬುದನ್ನು ಒಡೆದಲ್ಲದೆ ಅರಿಯಲಾಗದು. ಮೊದಲು ಯಥಾವತ್ತಾದ ಪ್ರತಿಯನ್ನು ತೆಗೆದು, ಮೂಲವನ್ನು ಬದಿಗಿಟ್ಟು, ಪ್ರತಿಯನ್ನು ಆಡುವುದೇ ಸರಿಯಾದ ಕ್ರಮ.

ಆಡಿದಲ್ಲದೆ ಅರ್ಥವಾಗದ ಪಾಠಕ್ಕೆ ೧೯೮೫ರ ನಾಲ್ಕನೆಯ ಅಲ್ಟಿಮಾವನ್ನು ಉದಾಹರಿಸಬಹುದು. ಇದರ ಉಪನಾಮ ‘ಅವತಾರನ ಅನ್ವೇಷಣೆ’ ಎಂಬರ್ಥದ್ದು. ‘ಅವತಾರ’ ಎಂಬ ನಮ್ಮ ಶಬ್ದವನ್ನೇ ಅದರಲ್ಲಿ ಉಪಯೋಗಿಸಿದ್ದಾರೆ. ಕೊಲ್ಲಬೇಕಾದ ರಾಕ್ಷಸನು ಇದರಲ್ಲಿಲ್ಲ. ಸತ್ಯಸಂಧತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಪರಿಪೂರ್ಣನಾಗುವುದೇ ನಾಯಕನ ಗುರಿ. ಸಂಸ್ಕೃತದಲ್ಲಿ ಅವತಾರವೆಂದರೆ ದೇವರು ಕೆಳಗಿಳಿದು ಬರುವುದು. ಇಲ್ಲಿ ಮನುಷ್ಯನು ಗುಣದಿಂದ ಮೇಲೇರುವುದು. ಶಬ್ದವು ಹೊರದೇಶಕ್ಕೆ ಹೋಗಿ ತನ್ನ ದಿಕ್ಕನ್ನೇ ತಿರುಗಿಸಿಕೊಂಡಿದೆ. ಈ ಆಟದಲ್ಲಿ ಮೂಲಿಕೆಗಳನ್ನು ಮಾರುವ ಕುರುಡಿಯರಿದ್ದಾರೆ. ಬೆಲೆಯನ್ನು ಅವಳು ಹೇಳುವಳು. ಎಷ್ಟು ನಾಣ್ಯ ಕೊಟ್ಟೆನೆಂಬುದನ್ನು ಆಡುವವನೇ ಒತ್ತಬೇಕು. ಕಡಮೆ ಕೊಟ್ಟರೂ ಮೂಲಿಕೆಗಳು ದೊರೆಯುವುವು, ಯಾರೂ ಗದರಿಸುವುದಿಲ್ಲ. ಆದರೆ ಯಂತ್ರವು ಒಳಗೊಳಗೆ ಲೆಕ್ಕವಿಟ್ಟಿರುವುದು. ಎಷ್ಟೋ ದಿನಗಳ ಮೇಲೆ ಸತ್ಯಸಂಧತೆಯ ಬಾಗಿಲು ತನಗೆ ತೆರೆಯದಿರುವುದನ್ನು ಕಂಡು ಆಡುವವನು ತನ್ನ ಕೈಯನ್ನೇ ನೋಡಿಕೊಳ್ಳಬೇಕಾಗುವುದು. ಇದನ್ನು ಹೀಗೆ ಬರೆದು ಹೇಳಬಹುದು. ಆದರೆ ಹೇಳಿದುದು ಕೃತಿಯಾಗದು. ನಾಟಕದ ಕಥಾಸಾರವು ನಾಟಕವಾಗದಂತೆಯೇ ಇದು.

೫

ಇನ್ನು ಪ್ರತಿಗಳ ಪರಂಪರೆಯ ವಿಚಾರ. ಪ್ರಕಾಶಕರು ತಮ್ಮ ಡಿಸ್ಕುಗಳನ್ನು ಯಾರೂ ಪ್ರತಿಮಾಡಬಾರದೆಂದು ಪಥಗಳ ಕ್ರಮವನ್ನು ಕೆಡಿಸುವುದು, ಸರಿಯಿಲ್ಲದ ಗುರುತುಗಳನ್ನು ಬರೆಯುವುದು ಮುಂತಾದ ಉಪಾಯಗಳನ್ನು ಮಾಡುತ್ತಿದ್ದರು. ತರುಣರು ಇದನ್ನು ಭೇದಿಸಿ, ಪ್ರೋಗ್ರಾಮಿನಲ್ಲಿ ಆ ತಡೆಯನ್ನು ತೆಗೆದುಹಾಕಿ, ತಮ್ಮ ಗುಪ್ತನಾಮಗಳನ್ನು ಮೊದಲ ತೆರೆಯಲ್ಲಿ ಬರೆದು ಪ್ರತಿಗಳನ್ನು ಹರಡಿದರು. ಹೀಗೆ ಪ್ರತಿಗಳ ಎರಡು ಶಾಖೆಗಳಾದವು: ಪ್ರಕಾಶಕರ ಅಚ್ಚಳಿಯದ ಶಾಖೆ ಒಂದು, ಭೇದಿಸಿದವರ ಶಾಖೆ ಮತ್ತೊಂದು. ನಮ್ಮ ಲಿಪಿಕಾರರು ಕಾವ್ಯದ ಕೊನೆಯಲ್ಲಿ ತಮ್ಮ ಹೆಸರನ್ನೂ ಸಂವತ್ಸರವನ್ನೂ ಬರೆದಿಡುತ್ತಿದ್ದರು. ಇವರು ಮೊದಲಲ್ಲಿ ಬರೆದರು ಎಂಬುದಷ್ಟೇ ಭೇದ.

ಎರಡನೆಯ ಶಾಖೆಯನ್ನು ಕಳವೆಂದು ದೂಷಿಸುವುದು ಸುಲಭ. ಆಗಿನ ಧರ್ಮನ್ಯಾಯದಲ್ಲಿ ಅದು ಕಳವೇ ಸರಿ. ಆದರೆ ಹಲವು ಆಟಗಳ ಪ್ರೋಗ್ರಾಮುಗಳು ದೀರ್ಘಕಾಲದ ವರೆಗೆ ಉಳಿದುಬಂದುದು ಇವರ ಪ್ರತಿಗಳಲ್ಲಿಯೇ ಎಂಬುದನ್ನೂ ಒಪ್ಪಬೇಕು. ಅವುಗಳ ದೋಷಗಳು ಎರಡು. ಮೊದಲನೆಯದು, ತಡೆಯ ಒಂದು ಭಾಗವು ಕಣ್ಣಿಗೆ ಬೀಳದೆ ಉಳಿದು ಆಟವು ನಡುವೆ ಕೆಡುವುದುಂಟು. ಸ್ಥಳವಿಲ್ಲದೆ ಆರಂಭದ ಚಿತ್ರಗಳನ್ನು ಕಿತ್ತುಹಾಕಿರುವುದೂ ಉಂಟು. ಎರಡನೆಯದು ಇದಕ್ಕಿಂತ ಗುರುತರವಾದುದು: ಡಿಸ್ಕು ಪ್ರತಿಯಾಯಿತು, ಪುಸ್ತಕವಾಗಲಿಲ್ಲ. ಬಟ್ಟೆಯ ನಕ್ಷೆ, ದಿನಚರಿ, ಚಕ್ರ ಇವು ಕಳಚಿಹೋಗಿ ಕೃತಿಯ ಅರ್ಧ ಮಾತ್ರ ಹರಡಿತು.

ಈಚೆಗೆ ಹೊಸ ಉಪಕರಣಗಳು ಬಂದಿವೆ. ಕ್ರಯೋಫ್ಲಕ್ಸ್, ಆಪಲ್‌ಸಾಸ್ ಎಂಬ ಸಾಧನಗಳು ಡಿಸ್ಕಿನ ಅಕ್ಷರಗಳನ್ನು ಓದಿ ಬರೆದುಕೊಳ್ಳುವುದಕ್ಕೆ ಬದಲಾಗಿ, ಕಾಂತಲೇಪದ ಮೇಲೆ ಧ್ರುವವು ತಿರುಗುವ ಒಂದೊಂದು ಎಡೆಯ ಕಾಲಾಂತರವನ್ನೂ ಅಳೆದು ದಾಖಲೆಮಾಡುವುವು. ಓಲೆಯ ಬರಹವನ್ನು ನಕಲುಮಾಡುವುದಕ್ಕೂ ಓಲೆಯನ್ನೇ ಛಾಯಾಚಿತ್ರ ತೆಗೆಯುವುದಕ್ಕೂ ಎಷ್ಟು ಅಂತರವೋ ಅಷ್ಟು ಅಂತರ ಇಲ್ಲಿಯೂ ಇದೆ. ಇದರಿಂದ ಪ್ರಕಾಶಕರ ತಡೆಗಳೊಡನೆಯೇ ಮೂಲವು ಉಳಿಯುವುದು. ಹಳೆಯ ಯಂತ್ರದ ನಡೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ಪ್ರೋಗ್ರಾಮುಗಳಿಂದ ಈ ಪ್ರತಿಗಳನ್ನು ಆಡಲೂಬಹುದು. ಆದರೂ ಹಳೆಯ ಯಂತ್ರವು ನಿರರ್ಥಕವಲ್ಲ. ಆಪಲ್-೨ರ ಸೂಕ್ಷ್ಮಚಿತ್ರಗಳ ಬಣ್ಣವು ಅಮೆರಿಕದ ಟೆಲಿವಿಷನ್ ಸಂಕೇತದ ಒಂದು ಗುಣವನ್ನು ಆಶ್ರಯಿಸಿ ಹುಟ್ಟುವುದು. ಹಳೆಯ ಗಾಜಿನ ತೆರೆಯ ಮೇಲೆ ಒಂದಕ್ಕೊಂದು ಬೆರೆಯುವ ಬಣ್ಣಗಳು ಹೊಸ ತೆರೆಯ ಮೇಲೆ ಬೇರೆ ಬೇರೆ ಚುಕ್ಕೆಗಳಾಗಿ ಕಾಣುವುವು. ಯಂತ್ರವನ್ನು ದುರಸ್ತು ಮಾಡಿ ಇಟ್ಟುಕೊಂಡವನ ಸಾಕ್ಷ್ಯವಿಲ್ಲದಿದ್ದರೆ ಅನುಕರಣವು ಸರಿಯೋ ತಪ್ಪೋ ಎಂದು ಹೇಳುವವರಾರು?

೬

ಈ ಕಾರ್ಯಕ್ಕೆ ಇರುವ ಅಡ್ಡಿಗಳನ್ನೂ ಹೇಳದೆ ಬಿಡಲಾಗದು. ೨೦೨೩ರಲ್ಲಿ ಅಮೆರಿಕದ ವಿಡಿಯೋ ಆಟಗಳ ಚರಿತ್ರೆಯ ಪ್ರತಿಷ್ಠಾನವು ಮತ್ತೊಂದು ಸಂಸ್ಥೆಯೊಡನೆ ಕೂಡಿ ಪ್ರಕಟಿಸಿದ ಪರಿಶೀಲನೆಯಂತೆ, ಆ ದೇಶದಲ್ಲಿ ೨೦೧೦ಕ್ಕೆ ಹಿಂದೆ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಈಗ ಮಾರಾಟದಲ್ಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿಯೂ ರಾಚೆಸ್ಟರ್ ನಗರದ ಸ್ಟ್ರಾಂಗ್ ವಸ್ತುಸಂಗ್ರಹಾಲಯದಲ್ಲಿಯೂ ಇಂತಹ ಆಟಗಳ ದೊಡ್ಡ ಸಂಗ್ರಹಗಳಿವೆ. ಲುಪ್ತವಾದ ಯಂತ್ರಗಳ ಪ್ರೋಗ್ರಾಮುಗಳನ್ನು ರಕ್ಷಣೆಗಾಗಿ ತಡೆ ಮುರಿದು ಪ್ರತಿಮಾಡಲು ೨೦೦೩ರಲ್ಲಿಯೂ ೨೦೦೬ರಲ್ಲಿಯೂ ಆ ದೇಶದ ಕೃತಿಸ್ವಾಮ್ಯದ ಅಧಿಕಾರಿಗಳು ವಿನಾಯಿತಿಯನ್ನು ಕೊಟ್ಟರು. ಆದರೆ ಹೀಗೆ ರಕ್ಷಿಸಿದ ಆಟಗಳನ್ನು ದೂರದ ವಿದ್ವಾಂಸರು ತಮ್ಮ ಸ್ಥಳದಿಂದಲೇ ಆಡಿ ನೋಡಲು ಅನುಮತಿಯನ್ನು ಕೇಳಿದಾಗ ೨೦೨೪ರಲ್ಲಿ ಅದು ನಿರಾಕರಿಸಲ್ಪಟ್ಟಿತು. ಪ್ರತಿಯು ಭಂಡಾರದಲ್ಲಿದೆ, ಓದಬೇಕಾದವನು ಸಮುದ್ರವನ್ನು ದಾಟಿ ಅಲ್ಲಿಗೇ ಹೋಗಬೇಕು.

ಇತ್ತ ಕಾಲವೂ ಸುಮ್ಮನಿರುವುದಿಲ್ಲ. ಡಿಸ್ಕಿನ ಲೇಪವು ಉದುರುತ್ತಿದೆ. ಗೈಗ್ಯಾಕ್ಸರು ೨೦೦೮ರಲ್ಲಿಯೂ ಆರ್ನೆಸನ್ನರು ೨೦೦೯ರಲ್ಲಿಯೂ ವಿಜರ್ಡ್ರಿಯ ಗ್ರೀನ್‌ಬರ್ಗರು ೨೦೨೪ರಲ್ಲಿಯೂ ಕಾಲವಾದರು. ಆ ೨೦೨೪ರಲ್ಲಿಯೇ ವಿಜರ್ಡ್ರಿಯ ಹೊಸ ಆವೃತ್ತಿಯೊಂದು ಪೂರ್ಣವಾಗಿ ಹೊರಬಂದುದು ಸಮಾಧಾನದ ಸಂಗತಿ. ಅದರಲ್ಲಿ ಮೂಲದ ಆಪಲ್ ಪ್ರೋಗ್ರಾಮನ್ನೇ ಆಧಾರವಾಗಿಟ್ಟು, ಮೇಲೆ ಹೊಸ ಚಿತ್ರಗಳನ್ನು ಹೊದಿಸಿ, ಹಳೆಯ ತೆರೆಯನ್ನೂ ಮಗ್ಗುಲಲ್ಲಿ ಕಾಣುವಂತೆ ಇಟ್ಟಿದ್ದಾರೆ. ಮೂಲವನ್ನೂ ವ್ಯಾಖ್ಯಾನವನ್ನೂ ಒಂದೇ ಪುಟದಲ್ಲಿ ಕೊಡುವ ನಮ್ಮ ಹಳೆಯ ಪದ್ಧತಿಯು ಇಲ್ಲಿ ತಾನಾಗಿಯೇ ಬಂದಿದೆ.

ಇಷ್ಟರಿಂದ, ಇಂತಹ ಆಟವೊಂದರ ಶುದ್ಧವಾದ ಪರಿಷ್ಕರಣದಲ್ಲಿ ಏನೇನಿರಬೇಕೆಂಬುದು ವ್ಯಕ್ತವಾಗುವುದು: ಡಿಸ್ಕಿನ ಯಥಾವತ್ತಾದ ಪ್ರತಿ, ಪುಸ್ತಕ, ನಕ್ಷೆ, ಚಕ್ರಗಳ ಪೂರ್ಣಚಿತ್ರ, ಭೇದಿಸಿದ ಪ್ರತಿಗಳ ಪಾಠಾಂತರ, ಹಿಂದಿನವರ ನಕ್ಷೆ, ಟಿಪ್ಪಣಿಗಳು, ಇವೆಲ್ಲಕ್ಕೂ ಮೇಲಾಗಿ, ಹಳೆಯ ಯಂತ್ರದ ಮುಂದೆ ಕುಳಿತು ಕೊನೆಯ ವರೆಗೆ ಆಡಿದವನೊಬ್ಬನ ಸಾಕ್ಷ್ಯ. ಇವುಗಳಲ್ಲಿ ಕಡೆಯದನ್ನು ಯಾವ ಭಂಡಾರವೂ ಪೆಟ್ಟಿಗೆಯಲ್ಲಿ ತುಂಬಿಡಲಾರದು. ಗಮಕಿಯಿಲ್ಲದ ಕಾವ್ಯವು ಓಲೆಯಲ್ಲಿ ಹೇಗೆ ಮೌನವಾಗಿರುವುದೋ, ಆಡುವವನಿಲ್ಲದ ಆಟವೂ ಡಿಸ್ಕಿನಲ್ಲಿ ಹಾಗೆಯೇ ಮೌನವಾಗಿರುವುದು. ಸಾಹಿತ್ಯವನ್ನು ಬೋಧಿಸುವ ಮಹನೀಯರು ಈ ಕೃತಿಗಳನ್ನು ಮಕ್ಕಳ ಆಟಿಕೆಗಳೆಂದು ತಳ್ಳಿಹಾಕದೆ, ಪಾಠವೆಂದರೇನು, ಓದುವುದೆಂದರೇನು ಎಂಬ ನಮ್ಮ ಹಳೆಯ ಪ್ರಶ್ನೆಗಳಿಗೆ ದೊರೆತಿರುವ ಹೊಸ ನಿದರ್ಶನಗಳೆಂದು ಭಾವಿಸಿ, ಅವುಗಳನ್ನು ಬಲ್ಲವರು ಜೀವಿಸಿರುವಾಗಲೇ ಪರಿಶೀಲಿಸುವರೆಂದು ಆಶಿಸುತ್ತೇವೆ.